ವೇದಮ್ಮನವರ ಕಾಮಧೇನು

ಅವತ್ತು ಸ್ಟಾಫ್ ರೂಮಿನಲ್ಲಿ ಇದ್ದವರು ನಾಲ್ಕೇ ಜನ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಹೆಡ್‌ಮಾಸ್ಟರು ಪೇಪರು ಹರಡಿಕೊಂಡಿದ್ದರು. ಪಿ.ಟಿ. ಮೇಷ್ಟ್ರು ವಿಷಲ್ಲಿನ ಹರಿದ ದಾರಕ್ಕೆ ಗಂಟು ಹಾಕುತ್ತಿದ್ದರು. ಕನ್ನಡ ಪಾಠದ ನಾನು ಟೀ ಲೋಟ ಹಿಡಿದು ಬಾಗಿಲಿಗೆ ಒರಗಿದ್ದೆ. ನಾಲ್ಕನೆಯವರು ಡ್ರಾಯಿಂಗ್ ಮಿಸ್ ವೇದಮ್ಮನವರು. ಮೊಣಕೈವರೆಗೂ ಮಸಿಯಾದ ಎರಡು ಕೈಗಳನ್ನು ಸೀರೆಗೆ ತಾಕದ ಹಾಗೆ ಮುಂದಕ್ಕೆ ಚಾಚಿಕೊಂಡು, ಯಾರಾದರೂ ನಲ್ಲಿ ತಿರುಗಿಸಿಕೊಡಲಿ ಎಂದು ನಿಂತಿದ್ದರು.

ಹೆಡ್‌ಮಾಸ್ಟರು ಒಳಪುಟದ ಮೂಲೆಯಲ್ಲಿದ್ದ ಸಣ್ಣ ಸುದ್ದಿಯೊಂದನ್ನು ಗಟ್ಟಿಯಾಗಿ ಓದಿದರು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲಿನ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆಯಂತೆ, ಇನ್ನು ಮುಂದೆ ಮಳೆ ತನ್ನ ಕಾಲಕ್ಕೆ ಬರುವುದಿಲ್ಲವಂತೆ. ಪಿ.ಟಿ. ಮೇಷ್ಟ್ರು ತಲೆ ಎತ್ತದೆಯೇ, "ಅಂಗಾದ್ರೆ ನಮ್ ರೂಮಿಗೆ ಒಂದು ಫ್ಯಾನ್ ಸ್ಯಾಂಕ್ಷನ್ ಮಾಡ್ಸಿ ಸಾ" ಎಂದರು. ನಾವು ಮೂವರೂ ನಕ್ಕೆವು. ವೇದಮ್ಮನವರು ನಗಲಿಲ್ಲ. ನೆಟ್ಟಗೆ ಬಂದು ಎರಡೂ ಅಂಗೈಗಳನ್ನು ಆ ಪೇಪರಿನ ಮೇಲೆ ಒತ್ತಿ ಎತ್ತಿದರು. ಸುದ್ದಿ ಇದ್ದ ಜಾಗದಲ್ಲಿ ಎರಡು ಕಪ್ಪು ಹಸ್ತ ಮೂಡಿದವು.

"ಈಗ ಓದಿ ಸಾರ್," ಎಂದರು.

ಹೆಡ್‌ಮಾಸ್ಟರು ಓದಲಿಲ್ಲ. ಪೇಪರು ಮಡಿಸಿ ಇಟ್ಟರು. ನಾನು ಹೋಗಿ ನಲ್ಲಿ ತಿರುಗಿಸಿದೆ. ಹೊಳೆನರಸೀಪುರದ ಆ ಹೈಸ್ಕೂಲಿನಲ್ಲಿ ನಮ್ಮಿಬ್ಬರ ಸ್ನೇಹ ಶುರುವಾದದ್ದು ಆ ನಲ್ಲಿಯ ಬುಡದಲ್ಲಿ.

ಕೈ ಮಸಿಯಾಗುವುದಕ್ಕೆ ಕಾರಣವಿತ್ತು. ವೇದಮ್ಮನವರು ಅಂಗಡಿಯಲ್ಲಿ ಸಿಗುವ ಕಪ್ಪು ಬಣ್ಣ ಮುಟ್ಟುತ್ತಿರಲಿಲ್ಲ. ಸ್ಕೂಲು ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ, ಎಂಜಿನ್ ಆಫ್ ಮಾಡಿ ನಿಂತ ಬಸ್ಸಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಸೈಲೆನ್ಸರಿನ ಬಾಯೊಳಕ್ಕೆ ಹಳೆಯ ದೋಸೆ ಸಟ್ಟುಗ ಹಾಕಿ ಮಸಿ ಕೆರೆಯುತ್ತಿದ್ದರು. ಕೆರೆದದ್ದನ್ನು ಉಪ್ಪಿನಕಾಯಿ ಭರಣಿಗೆ ತುಂಬಿ, ಮನೆಗೆ ಹೋಗಿ ಗೋಂದಿನಲ್ಲಿ ಅರೆಯುತ್ತಿದ್ದರು. ಒಬ್ಬ ಕಂಡಕ್ಟರು ತಮಾಷೆಗೆ, ಏನ್ ಮಿಸ್, ಇವತ್ತು ಮಸಿ ದೋಸೆನಾ ಎಂದು ಕೇಳಿದನಂತೆ. "ಹೂಂ ಕಣಪ್ಪ, ನಿನ್ನ ಮಕ್ಕಳಿಗೆ ಬಡಿಸೋಕೆ. ನೀನೇ ಹಿಟ್ಟು ರುಬ್ಬಿ ಇಟ್ಟಿದ್ದೀಯಲ್ಲ" ಎಂದರಂತೆ. ಆಮೇಲೆ ಆ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಅವರನ್ನು ತಮಾಷೆ ಮಾಡಲಿಲ್ಲ. ಹಿಂದಿನಿಂದ ಮಾತ್ರ 'ಮಸಿ ಮಿಸ್' ಅಂತ ಕರೆಯುತ್ತಿದ್ದರು. ಅವರಿಗೂ ಗೊತ್ತಿತ್ತು.

ದಪ್ಪ ಕಪ್ಪು ಬೇಕಾದ ಕಡೆ ಕರಿ ಆಯಿಲು ಹಚ್ಚುತ್ತಿದ್ದರು. ಎಂಜಿನ್ನಿನಿಂದ ಇಳಿಸಿದ ಸುಟ್ಟ ಆಯಿಲು, ಗೆದ್ದಲು ಹತ್ತದಿರಲಿ ಅಂತ ನಮ್ಮ ಕಡೆ ತೊಲೆಗೆ ಬಳಿಯುತ್ತಾರಲ್ಲ, ಅದು. ಅದರ ಗುಣವೆಂದರೆ ಅದು ಬಟ್ಟೆಯ ಮೇಲಾಗಲಿ ಹಲಗೆಯ ಮೇಲಾಗಲಿ ಪೂರ್ತಿ ಒಣಗುವುದಿಲ್ಲ. ವರ್ಷ ಕಳೆದು ಬೆರಳಿಟ್ಟರೂ ಅಂಟುತ್ತದೆ. ಇದು ಚಿತ್ರಕ್ಕೆ ಆಗುತ್ತದೆಯೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ನನ್ನನ್ನು ದುರುಗುಟ್ಟಿ ನೋಡಿದರು. "ಒಣಗಬಾರದು ಅಂತಲೇ ಹಚ್ಚೋದು ಮೇಷ್ಟ್ರೇ. ನೋಡಿ, ಚೆನ್ನಾಗಿದೆ ಅಂದು, ಮನೆಗೆ ಹೋಗಿ ಉಂಡು ಮಲಗೋ ಚಿತ್ರ ಯಾರಿಗೆ ಬೇಕು? ಅಂಟಬೇಕು. ಬಟ್ಟೆಗೆ ಅಂಟಿದರೆ ಹೆಂಡತಿ ಕೇಳ್ತಾಳಲ್ಲ, ಎಲ್ಲಿಂದ ತಂದ್ರಿ ಇದನ್ನ ಅಂತ. ಆಗ ಹೇಳಲಿ."

ಮಕ್ಕಳ ಮೇಲೆ ಅವರು ಕೈ ಮಾಡಿದವರಲ್ಲ. ಆದರೆ ಯಾವುದಾದರೂ ಮಗು ಸೀನರಿ ಬರೆದರೆ ಮುಗಿಯಿತು. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೆ ಹೊಳೆ, ದಡದಲ್ಲಿ ಗುಡಿಸಲು, ಓರೆ ತೆಂಗಿನ ಮರ. ಆ ಮಗುವಿನ ಕೈ ಹಿಡಿದು ಸ್ಕೂಲಿನ ಗೇಟಿನ ತನಕ ಕರೆದುಕೊಂಡು ಹೋಗಿ, "ಈ ಎರಡು ಗುಡ್ಡ ನರಸೀಪುರದ ಯಾವ ಮೂಲೆಗಿವೆ ತೋರಿಸು ಬಾರೋ" ಎನ್ನುತ್ತಿದ್ದರು. ಗೇಟಿನ ಎದುರಿಗೆ ಕಾಣುತ್ತಿದ್ದದ್ದು ಹೊಗೆ ಕಾರುವ ಲಗೇಜ್ ಆಟೋಗಳು ಮತ್ತು ಒಂದು ಇಟ್ಟಿಗೆ ಗೂಡು. "ಇದನ್ನ ಬರಿ. ಕಣ್ಣಿಗೆ ಕಂಡದ್ದು ಬರೆಯೋಕೆ ನಾಚಿಕೆ ಯಾಕೆ?"

ಆ ಸಿಟ್ಟಿನ ಬೇರು ಅವರ ತಂದೆಯಲ್ಲಿತ್ತು. ದೇವಸ್ಥಾನದ ಬೀದಿಯ ಮನೆತನ, ತಲೆತಲಾಂತರದಿಂದ ಪೂಜೆ ಪಾಠದವರು. ಅಂಥ ಮನೆಯ ಮಗ ಗೋಪಾಲಯ್ಯನವರು ಜನಿವಾರ ಸೊಂಟಕ್ಕೆ ಸುತ್ತಿಕೊಂಡು ರೈಲಿನಲ್ಲಿ ಫೈರ್‌ಮನ್ ಆಗಿ ಸೇರಿದರು. ಮೈಸೂರಿನಿಂದ ಅರಸೀಕೆರೆಯ ತನಕ ಉಗಿಬಂಡಿಯ ಬಾಯಿಗೆ ಸಲಿಕೆಯಲ್ಲಿ ಕಲ್ಲಿದ್ದಲು ತುಂಬುವ ಕೆಲಸ. ಮನೆಗೆ ಬಂದರೆ ಬೀದಿಯವರು ಬಾಗಿಲು ಮುಂದೆ ಮಾಡುತ್ತಿದ್ದರಂತೆ. ಹಿತ್ತಿಲಲ್ಲಿ ಎಷ್ಟು ಬಿಸಿನೀರು ಹುಯ್ದರೂ ಅವರ ಬೆನ್ನಿನಿಂದ ಇಳಿಯುವ ನೀರು ಕಪ್ಪಾಗಿಯೇ ಇರುತ್ತಿತ್ತಂತೆ. ಕೊನೆಕೊನೆಗೆ ಕೆಮ್ಮಿದರೆ ಕಫವೂ ಕಪ್ಪು. ಅವರು ತೀರಿಕೊಂಡಾಗ ವೇದಮ್ಮ ಇನ್ನೂ ಚಿತ್ರಕಲೆಯ ತರಬೇತಿಯಲ್ಲಿದ್ದರು.

ಇದನ್ನು ಹೇಳುವಾಗ ಅವರು ಅಳುತ್ತಿರಲಿಲ್ಲ, ರೇಗುತ್ತಿದ್ದರು. "ನಮ್ಮಪ್ಪ ಕಲ್ಲಿದ್ದಲು ಸುಟ್ಟ. ಆ ಸಂಬಳದಲ್ಲಿ ನಾನು ಓದಿದೆ, ಈ ಕನ್ನಡಕ ಕೊಂಡೆ, ಪೆನ್ಸಿಲ್ ಹಿಡಿದೆ. ಸುಟ್ಟವರು ಬೇರೆ ಯಾರೋ ಅಂತ ಬೈಯೋಕೂ ದಾರಿ ಇಲ್ಲ ನೋಡಿ ನನಗೆ. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ."

ಅವರ ಚಿತ್ರಗಳನ್ನು ನೋಡಿದವರು ಸಾಮಾನ್ಯವಾಗಿ ಸುಮ್ಮನಾಗುತ್ತಿದ್ದರು, ಇಲ್ಲವೆ ಮೈ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ತೊಟ್ಟಿಲಿನ ಚಿತ್ರ. ನಾಮಕರಣದ ಮನೆ. ಬಾಗಿಲಿಗೆ ಮಾವಿನ ತೋರಣ. ತೊಟ್ಟಿಲಲ್ಲಿ ಮಗುವಿನ ಬದಲು ಭೂಮಿ ಮಲಗಿದೆ, ಗುಂಡಗೆ, ಬೆವರಿಕೊಂಡು. ನೆಂಟರು ಸಾಲಾಗಿ ಬರುತ್ತಿದ್ದಾರೆ. ರೇಷ್ಮೆ ಸೀರೆ, ಜರಿ ಪಂಚೆ, ಎಲ್ಲರ ಮುಖದಲ್ಲೂ ನಗು. ಒಬ್ಬೊಬ್ಬರ ಕೈಯಲ್ಲೂ ಒಂದು ಕಂಬಳಿ. ಹೊಗೆಯಿಂದ ನೇಯ್ದ ಕಂಬಳಿ. ಒಬ್ಬರಾದ ಮೇಲೆ ಒಬ್ಬರು ಬಂದು ಮಗುವಿನ ಮೇಲೆ ಹೊದಿಸಿ, ಕೆನ್ನೆ ಸವರಿ, ಊಟದ ಪಂಕ್ತಿಯ ಕಡೆ ಹೋಗುತ್ತಿದ್ದಾರೆ. ಗೋಡೆಯ ಕ್ಯಾಲೆಂಡರು ಏಪ್ರಿಲ್ ತೋರಿಸುತ್ತಿದೆ. ಮಗು ಉಸಿರುಗಟ್ಟಿ ಬಾಯಿ ತೆರೆದಿದೆ, ಯಾರೂ ನೋಡುತ್ತಿಲ್ಲ. ಊಟದ ಎಲೆಗಳ ಮೇಲೆ ಹೊಗೆಯನ್ನೇ ಬಡಿಸಿದೆ.

ಇಂಥ ಚಿತ್ರಕ್ಕೆ ಏನನ್ನುತ್ತಾರೆ ಎಂದು ಕೇಳಿದೆ. ಸರ್ರಿಯಲಿಸಂ ಎಂದರು, ಅತಿವಾಸ್ತವ, ಕನಸಿನಲ್ಲಿ ಕಾಣುವುದನ್ನು ಎಚ್ಚರದಲ್ಲಿ ಬರೆಯುವುದು ಅಂತ ಪುಸ್ತಕದಲ್ಲಿದೆ ಎಂದರು. ಆಮೇಲೆ ತಾವೇ ತಲೆ ಕೊಡವಿ, "ನನಗೆ ಇದು ಕನಸಲ್ಲ ಕಣ್ರೀ. ಕನಸಲ್ಲಿರೋರು ಈ ನೆಂಟರು" ಎಂದರು.

ಆ ತೊಟ್ಟಿಲನ್ನೇ ಒಂದು ಪರಿಸರ ದಿನಾಚರಣೆಗೆ ಹಾಸನಕ್ಕೆ ಒಯ್ದೆವು. ಒಣಗದ ಚಿತ್ರವಾದ್ದರಿಂದ ಬಸ್ಸಿನಲ್ಲಿ ಅವರು ಅದನ್ನು ತೊಡೆಯ ಮೇಲೆ ನಿಲ್ಲಿಸಿ ಹಿಡಿದಿದ್ದರು, ಅಕ್ಕಪಕ್ಕ ಯಾರನ್ನೂ ಕೂರಗೊಡಲಿಲ್ಲ. ಶಿಕ್ಷಕರ ಚಿತ್ರಗಳ ಪ್ರದರ್ಶನ. ಗೋಡೆ ತುಂಬ ಜಿಂಕೆ, ನವಿಲು, ಹಸಿರು ಕೈಯಲ್ಲಿ ಹಿಡಿದ ಗಿಡ. ಮುಖ್ಯ ಅತಿಥಿ ಚನ್ನರಾಯಪಟ್ಟಣದ ಚಂದ್ರಣ್ಣನವರು. ಹೈವೇಯಲ್ಲಿ ಅವರದೊಂದು ಪೆಟ್ರೋಲ್ ಬಂಕು. ಶಾಮಿಯಾನದ ಖರ್ಚು ಅವರದ್ದಾದ್ದರಿಂದ ಪರಿಸರದ ಬಗ್ಗೆ ಅವರೇ ಮಾತಾಡಿದರು. ಗಿಡ ನೆಡಿ, ಗಾಡಿಗೆ ಒಳ್ಳೆಯ ಎಣ್ಣೆ ಹಾಕಿಸಿ. ಜನ ಚಪ್ಪಾಳೆ ತಟ್ಟಿದರು. ಈಗ ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಚಂದ್ರಣ್ಣನವರು ಕೆಟ್ಟವರಲ್ಲ, ಅದು ಬೇರೆ ಮಾತು. ಇಡೀ ಸಭೆಯಲ್ಲಿ ಒಬ್ಬರಿಗೂ ಇದು ವಿಚಿತ್ರವಾಗಿ ಕಾಣಲಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ.

ಭಾಷಣ ಮುಗಿಸಿ ಚಿತ್ರ ನೋಡುತ್ತ ಬಂದ ಚಂದ್ರಣ್ಣನವರು ತೊಟ್ಟಿಲಿನ ಮುಂದೆ ನಿಂತರು. ಇದೇನಮ್ಮ ಕಂಬಳಿ ಮಿರಮಿರ ಅಂತದೆ ಎನ್ನುತ್ತ ಬೆರಳಿಟ್ಟು ಸವರಿದರು. ಬೆರಳು ಕಪ್ಪಾಯಿತು. ಅಭ್ಯಾಸಬಲದಿಂದ ಬಿಳಿ ಅಂಗಿಗೆ ಒರೆಸಿಕೊಂಡರು. ಸುತ್ತ ಇದ್ದವರೆಲ್ಲ ಅಯ್ಯೋ ಎಂದು ಕರ್ಚೀಫು ಹಿಡಿದು ಓಡಿ ಬಂದರು. ವೇದಮ್ಮನವರು ಕದಲಲಿಲ್ಲ. ತಮ್ಮದೇ ಬಂಕಿನ ಸರಕು, ಗುರುತು ಸಿಗಲಿಲ್ಲವೇ ಎಂದರು.

ಚಂದ್ರಣ್ಣನವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಜೋರಾಗಿ ನಕ್ಕರು. ಒಳ್ಳೆ ಕೈ ಮೇಡಂ ನಿಮ್ಮದು, ನನ್ನ ಬಂಕಿನ ಕಾಂಪೌಂಡು ಹೈವೇಗೆ ಮುಖ ಮಾಡಿಕೊಂಡು ಬೆಳ್ಳಗೆ ನಿಂತಿದೆ, ಬಂದು ಒಂದು ಕಾಮಧೇನು ಬರೆದುಕೊಡಿ, ದೊಡ್ಡದು, ಎಂದರು. ವೇದಮ್ಮನವರು ಚಿತ್ರ ಇಳಿಸಿಕೊಂಡು ಹೊರಟರು. ವಾಪಸು ಬರುವಾಗ ಬಸ್ಸು ಊರು ಮುಟ್ಟುವ ತನಕ ಕಿಟಕಿಯಾಚೆ ನೋಡುತ್ತಿದ್ದವರು ಇಳಿಯುವ ಹೊತ್ತಿಗೆ ಹೇಳಿದರು: "ಬರೀತೀನಿ ಮೇಷ್ಟ್ರೇ. ಅವರು ಕೇಳಿದ ಕಾಮಧೇನುವನ್ನೇ ಬರೀತೀನಿ. ಅಷ್ಟು ದೊಡ್ಡ ಗೋಡೆ, ಅಷ್ಟು ಲಾರಿ. ಒಬ್ಬನಾದರೂ ನೋಡಿ ಹೊಟ್ಟೆ ತೊಳಸಿಕೊಂಡರೆ ಸಾಕು."

ಮುಂದಿನ ಬೇಸಿಗೆ ರಜವೆಲ್ಲ ಆ ಗೋಡೆಗೆ ಹೋಯಿತು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಚನ್ನರಾಯಪಟ್ಟಣ, ಸಂಜೆ ವಾಪಸು. ಚಂದ್ರಣ್ಣನವರು ಏಣಿ, ಅಟ್ಟಣಿಗೆ, ಮಧ್ಯಾಹ್ನದ ಊಟ ಎಲ್ಲ ಕೊಟ್ಟರು, ಚಿತ್ರದ ವಿಷಯಕ್ಕೆ ತಲೆ ಹಾಕಲಿಲ್ಲ. ಕರಿ ಆಯಿಲು ಅಲ್ಲಿಯೇ ಸಿಗುತ್ತಿತ್ತು. ಬಂಕಿನಲ್ಲಿ ಲಾರಿಗಳ ಆಯಿಲು ಬದಲಿಸುತ್ತಿದ್ದರು. ಬಾಗೂರಿನ ಜವರಪ್ಪ ಅಂತ ಒಬ್ಬ ಡ್ರೈವರು, ತೆಂಗಿನಕಾಯಿ ಲೋಡು ಮಂಗಳೂರಿಗೆ ಹೊಡೆಯುವವನು, ತನ್ನ ಗಾಡಿಯಿಂದ ಇಳಿಸಿದ ಆಯಿಲನ್ನು ಡಬ್ಬದಲ್ಲಿ ಹಿಡಿದು ತಂದುಕೊಟ್ಟ. "ಚೆಲ್ಲೋದೇ ಅಲ್ವೇ ತಾಯಿ, ಮಡಿಕಳಿ" ಎಂದ. ಹಾಲಿನ ಭಾಗಕ್ಕೆಲ್ಲ ಅದೇ ಹಿಡಿಯಿತು.

ಆ ಕಾಮಧೇನುವನ್ನು ನೋಡಬೇಕಿತ್ತು. ಹೆಣ್ಣು ಮುಖ, ಕಿರೀಟ, ನವಿಲುಗರಿಯ ಬಾಲ, ಎಲ್ಲ ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ. ಆದರೆ ಮೈ ಮಾತ್ರ ಟ್ಯಾಂಕರು. ಕೆಚ್ಚಲಿನಿಂದ ನಾಲ್ಕು ಪೆಟ್ರೋಲ್ ಪೈಪು ಇಳಿದಿವೆ, ಅವುಗಳಿಂದ ಕಪ್ಪು ಹಾಲು. ಲಾರಿ, ಕಾರು, ಬಸ್ಸು, ಸ್ಕೂಟರುಗಳು ಕರುಗಳ ಹಾಗೆ ಮಂಡಿಯೂರಿ ಚೀಪುತ್ತಿವೆ. ಗೊರಸಿನ ಕೆಳಗೆ ಬಿರುಕು ಬಿಟ್ಟ ಕೆರೆ. ಕ್ಯಾಲೆಂಡರಿನಲ್ಲಿ ಹಸುವಿನ ಹೊಟ್ಟೆಯೊಳಗೆ ದೇವತೆಗಳನ್ನು ಬರೆದಿರುತ್ತಾರಲ್ಲ, ಅಲ್ಲಿ ಇವರು ಯಾವುದೋ ಕಾಲದಲ್ಲಿ ಸತ್ತು ಮಣ್ಣಾದ ಜೀವಗಳನ್ನು ಬರೆದಿದ್ದರು. ದೈತ್ಯ ಜರೀಗಿಡ, ಹಲ್ಲಿನ ಮೀನು, ಆಮೆ, ಹಲ್ಲಿಯಂಥ ದೊಡ್ಡ ಪ್ರಾಣಿ. ಎಲ್ಲವೂ ಕಣ್ಣು ಮುಚ್ಚಿ ಮಲಗಿವೆ. ಎಣ್ಣೆಯಾಗಿರುವುದು ಇವೇ, ಕೋಟ್ಯಂತರ ವರ್ಷದಿಂದ ಮಲಗಿದ್ದ ಹೆಣಗಳನ್ನು ಎಬ್ಬಿಸಿ ಸುಡುತ್ತಿದ್ದೇವೆ ಎಂದು ನನಗೆ ವಿವರಿಸಿದರು. ಆ ಹೆಣ್ಣು ಮುಖದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಬಿಸಿಲಿಗೆ ನಿಂತು ನೋಡಿದರೂ ನನಗೆ ಚಳಿಯಾಯಿತು.

ಮಳೆಗಾಲ ಕಳೆದು ಆಯುಧ ಪೂಜೆಯೂ ಮುಗಿದ ಮೇಲೆ ಒಂದು ದಿನ ಜವರಪ್ಪ ನರಸೀಪುರಕ್ಕೆ ಹುಡುಕಿಕೊಂಡು ಬಂದ. ನಾನೂ ವೇದಮ್ಮನವರ ಜಗುಲಿಯಲ್ಲಿದ್ದೆ. ಒಡೆದ ತೆಂಗಿನಕಾಯಿಯ ಹೋಳು, ಬಾಳೆಹಣ್ಣು, ಒಂದು ರವಿಕೆ ಕಣ ಅವರ ಮುಂದಿಟ್ಟು, ಟವೆಲ್ಲು ಸೊಂಟಕ್ಕೆ ಬಿಗಿದು, ಅವರ ಕಾಲಿಗೆ ಬಿದ್ದ. ಶಿರಾಡಿ ಘಾಟಿಯಲ್ಲಿ ಬ್ರೇಕು ಹೋಯಿತಂತೆ.

"ಕೆಳಗೆ ನೋಡುದ್ರೆ ಪಾತಾಳ ಕಣ್ ತಾಯಿ. ನಿಮ್ಮ ಕಾಮದೇನು ಆಲು ಗಾಡಿ ಮೂತಿಗೆ ಹಚ್ಕಂಡು ಒಂಟಿದ್ದೆ. ಅವಳ್ ನೆನೆದೆ ನೋಡಿ, ಗಾಡಿ ಓಗಿ ಮಣ್ಣಿನ ದಿಬ್ಬಕ್ಕೆ ಒರಗ್ಬುಡ್ತು. ಒಂದ್ ಕಾಯೂ ಒಡೀನಿಲ್ಲ."

ವೇದಮ್ಮನವರಿಗೆ ಅರ್ಥವಾಗಲಿಲ್ಲ. ಹಾಲು ಹಚ್ಚುವುದು ಎಂದರೇನು ಎಂದರು. ಅವನು ಸಂತೋಷದಿಂದಲೇ ಎಲ್ಲ ಹೇಳಿದ. ಗೋಡೆಯ ಕಪ್ಪು ಹಾಲು ಯಾವಾಗಲೂ ಹಸಿಯಾಗಿಯೇ ಇರುತ್ತದಂತೆ, ದೇವರ ಮಹಿಮೆ. ಹೋಮದ ರಕ್ಷೆಯ ಹಾಗೆ ಅದನ್ನು ಬೆರಳಲ್ಲಿ ತೆಗೆದು ಹಣೆಗೆ, ಬಾನೆಟ್ಟಿಗೆ ಇಟ್ಟುಕೊಂಡು ಹೊರಟರೆ ಗಾಡಿಗೆ ಏನೂ ಆಗುವುದಿಲ್ಲವಂತೆ. ಮೊದಮೊದಲು ಬಾಗೂರಿನವರು ಮಾತ್ರ ಇಡುತ್ತಿದ್ದರು, ಈಗ ಹಾಸನ, ಸಕಲೇಶಪುರದ ಲಾರಿಗಳೂ ಬರುತ್ತವೆ. ಆಯುಧ ಪೂಜೆಯ ದಿನ ಬೂದುಗುಂಬಳ ಒಡೆದು ರಸ್ತೆಯೆಲ್ಲ ಕೆಂಪಾಗಿತ್ತು. ಚಂದ್ರಣ್ಣನವರು ಗೋಡೆಗೆ ಟ್ಯೂಬ್‌ಲೈಟು ಹಾಕಿಸಿ ಒಂದು ಗಂಟೆ ಕಟ್ಟಿಸಿದ್ದಾರೆ.

ನಾನು ವೇದಮ್ಮನವರ ಮುಖ ನೋಡುವ ಧೈರ್ಯ ಮಾಡಲಿಲ್ಲ. ಅವರು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು. ಮೂವರೂ ಚನ್ನರಾಯಪಟ್ಟಣಕ್ಕೆ ಹೊರಟೆವು. ತನ್ನ ಲಾರಿಯಲ್ಲೇ ಬನ್ನಿ ಎಂದು ಅವನು ಕೇಳಿಕೊಂಡ, ಇವರು ಕೇಳಲಿಲ್ಲ. ಬಸ್ಸಿನಲ್ಲಿ ಹೋದೆವು, ಅವನ ಲಾರಿ ಹಿಂದಿನಿಂದ ಬಂತು.

ಗೋಡೆ ಅವನು ಹೇಳಿದ್ದಕ್ಕಿಂತ ಹೆಚ್ಚಾಗಿತ್ತು. ಕಾಮಧೇನುವಿನ ಹಣೆಗೆ ಅಂಗೈ ಅಗಲ ಕುಂಕುಮ. ಪೆಟ್ರೋಲ್ ಪೈಪುಗಳಿಗೆ ಸೇವಂತಿಗೆ ಹಾರ. ಕೆಳಗೆ ಕರ್ಪೂರದ ಕಪ್ಪು ಕಲೆ. ಒಬ್ಬ ಡ್ರೈವರು ಗಂಟೆ ಹೊಡೆದು, ಬೆರಳಲ್ಲಿ ಹಾಲು ತೆಗೆದು ಹಣೆಗಿಟ್ಟುಕೊಂಡು, ಎಂಜಿನ್ ಚಾಲೂ ಇಟ್ಟೇ ಬಂದಿದ್ದ ಲಾರಿ ಹತ್ತಿ ಹೋದ. ಅದರ ಹೊಗೆ ನಮ್ಮ ಮುಖಕ್ಕೇ ಬಂತು.

ವೇದಮ್ಮನವರು ಜವರಪ್ಪನನ್ನು ಗೋಡೆಯ ಮುಂದೆ ನಿಲ್ಲಿಸಿದರು. ಹೊಟ್ಟೆಯೊಳಗೆ ಏನು ಕಾಣುತ್ತಿದೆ ಹೇಳು ಎಂದರು.

"ಇದು ಮತ್ಸ್ಯಾವತಾರ. ಇದು ಕೂರ್ಮ. ಇದು," ಅವನು ಆ ಹಲ್ಲಿಯಂಥ ಪ್ರಾಣಿಯನ್ನು ನೋಡಿ ಸ್ವಲ್ಪ ತಡೆದ, "ವರಾಹ ಇರ್ಬೇಕು. ಎಲ್ರೂ ಮಲ್ಗವ್ರೆ, ಯೋಗನಿದ್ರೆ."

"ಆ ಹಾಲು ಕಪ್ಪಗಿದೆಯಲ್ಲೋ ಜವರಪ್ಪ. ಯಾವ ಹಸು ಕಪ್ಪು ಹಾಲು ಕೊಡುತ್ತೆ?"

"ಕೃಷ್ಣನೂ ಕಪ್ಪಲ್ವೇ ತಾಯಿ?"

"ಅಳ್ತಿದಾಳಲ್ಲೋ ಅವಳು!"

"ನಮ್ ಕಷ್ಟ ನೋಡಿ ಅಳ್ತವ್ಳೆ. ಡ್ರೈವರ್ ಕಷ್ಟಕ್ಕೆ ಇನ್ಯಾರ್ ಅತ್ತಾರು ಏಳಿ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಅವರನ್ನು ಸುಟ್ಟಿದ್ದು. ಚಂದ್ರಣ್ಣನವರು ಹೊರಗೆ ಬಂದು ಕೈ ಮುಗಿದು, ನಿಮ್ಮ ಕೈಗುಣ ಮೇಡಂ, ವ್ಯಾಪಾರ ಎರಡರಷ್ಟಾಗಿದೆ ಎಂದರು. ಆ ಮಾತಿಗೆ ಇವರ ತಾಳ್ಮೆ ಮುಗಿಯಿತು. ಇದನ್ನು ಅಳಿಸಬೇಕು ಎಂದರು ವೇದಮ್ಮ. ಅಳಿಸೋದಾ, ಜನ ನನ್ನನ್ನು ಬಿಡುತ್ತಾರಾ, ಗೋಡೆ ನನ್ನದು ಮೇಡಂ ಎಂದರು ಚಂದ್ರಣ್ಣ. ಇವರು ಮತ್ತೆ ವಾದ ಮಾಡಲಿಲ್ಲ. ಜವರಪ್ಪನ ಕಡೆ ತಿರುಗಿ ಗಾಡಿಯಿಂದ ಒಂದು ಸುತ್ತಿಗೆ ತಾ ಎಂದರು. ಹಾರಕ್ಕೆ ಮೊಳೆ ಹೊಡೆಯಲು ಅಂದುಕೊಂಡು ಅವನು ತಂದುಕೊಟ್ಟ.

ವೇದಮ್ಮನವರು ಅರ್ಚಕರ ಮನೆಯ ಮಗಳು. ಎಲ್ಲಿಗೆ ಹೊಡೆಯಬೇಕೆಂದು ಗೊತ್ತಿತ್ತು. ಒಂದೇ ಏಟಿಗೆ ಕಾಮಧೇನುವಿನ ಮೂಗು ಗಾರೆಯ ಸಮೇತ ಕಿತ್ತು ಬಂತು.

"ಭಿನ್ನ ಆಯ್ತು," ಎಂದರು. "ಭಿನ್ನವಾದ ದೇವರಿಗೆ ಪೂಜೆ ಇಲ್ಲ. ಇನ್ನಾದರೂ ಕಣ್ಣು ಬಿಟ್ಟು ನೋಡಿ."

ಜವರಪ್ಪ ತನ್ನ ಸುತ್ತಿಗೆಯನ್ನೂ ವಾಪಸು ತೆಗೆದುಕೊಳ್ಳದೆ ಲಾರಿ ಹತ್ತಿದ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಅವನ ಜೀವ ಉಳಿಸಿದ ದೇವರನ್ನು ಅವನ ಸುತ್ತಿಗೆಯಿಂದಲೇ ಇವರು ಒಡೆದಿದ್ದರು.

ಅದಾದ ಮೇಲೆ ನಡೆದದ್ದನ್ನು ನೆನೆದರೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ. ಅವರು ಅಂದುಕೊಂಡಂತೆ ಪೂಜೆ ನಿಂತಿತು. ಆದರೆ ಯಾರೂ ಕಣ್ಣು ಬಿಟ್ಟು ನೋಡಲಿಲ್ಲ. ಭಿನ್ನ ದೇವರ ಮುಂದೆ ಡೀಸೆಲ್ ಹಾಕಿಸಿದರೆ ಕೇಡು ಎಂದು ಲಾರಿಗಳು ಪಕ್ಕದ ಬಂಕಿಗೆ ಹೋದವು, ಅಷ್ಟೇ. ಸ್ಕೂಲಿಗೆ ದೂರು ಹೋಯಿತು. ವೇದಮ್ಮನವರಿಗೆ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ಸ್ಟಾಫ್ ರೂಮಿನಲ್ಲಿ ಬೀಳ್ಕೊಡುಗೆಗೆ ನಾನು ಒಬ್ಬನೇ ಮಾತಾಡಿದೆ. ಫ್ಯಾನಿನ ಕೆಳಗೆ ಕೂತಿದ್ದ ಪಿ.ಟಿ. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿಗೆ ಫ್ಯಾನು ಸ್ಯಾಂಕ್ಷನ್ ಆಗಿತ್ತು.

ಚಂದ್ರಣ್ಣನವರು ಪುರೋಹಿತರನ್ನು ಕೇಳಿದರಂತೆ. ಭಿನ್ನವಾದದ್ದನ್ನು ನೀರಿಗೆ ಬಿಡಬೇಕು ಎಂದರಂತೆ ಅವರು. ಹಾಗೆಂದು ಆ ಗೋಡೆಯನ್ನು ಕೆಡವಿ, ಅರಿಶಿನ ಕುಂಕುಮ ಹಾಕಿ, ತಮಟೆ ಬಡಿಸಿ, ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗಿ ಊರಾಚೆಯ ಕೆರೆಗೆ ಹಾಕಿಸಿಬಿಟ್ಟರು. ಈ ಸುದ್ದಿಯನ್ನು ಅರಕಲಗೂಡಿಗೆ ಮುಟ್ಟಿಸಿದವನು ನಾನೇ. ವೇದಮ್ಮನವರ ಸಿಟ್ಟಿಗೆ ಮಾತಿಲ್ಲದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಾನು ಬಳಿದ ಎಣ್ಣೆ ಮೇಷ್ಟ್ರೇ," ಎಂದರು ಕೊನೆಗೆ. "ಕೆರೆಗೆ ಹೋಯಿತು."

ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಾಗ ಪ್ರತಿ ಭಾನುವಾರ ಅರಕಲಗೂಡಿನಿಂದ ಅಷ್ಟು ದೂರ ಬಸ್ಸು ಬದಲಿಸಿಕೊಂಡು ಬರತೊಡಗಿದರು. ನಾನೂ ಹೋಗುತ್ತಿದ್ದೆ. ನೀರಿನ ಅಂಚಿನಲ್ಲಿ ಬಣ್ಣಬಣ್ಣದ ಜಿಡ್ಡಿನ ಪೊರೆ ತೇಲುತ್ತಿತ್ತು. ಸೀರೆ ಮೇಲೆ ಕಟ್ಟಿ, ಮಂಡಿಯುದ್ದ ಕೆಸರಿಗೆ ಇಳಿದು, ಗಾರೆಯ ತುಂಡುಗಳನ್ನು ತಡಕಿ ತಡಕಿ ಗೋಣಿಚೀಲಕ್ಕೆ ಹಾಕುತ್ತಿದ್ದರು. ಏರಿಯ ಮೇಲೆ ದನ ಮೇಯಿಸುವವರು ಹುಚ್ಚಮ್ಮ ಎಂದು ನಗುತ್ತಿದ್ದರು. ನನಗೆ ಅವರನ್ನು ಹಿಡಿದು ಬಡಿಯುವಷ್ಟು ಕೋಪ ಬರುತ್ತಿತ್ತು. ಇವರು ಮಾತ್ರ, "ನಗಲಿ ಬಿಡಿ. ಕುಡಿಯೋ ನೀರಲ್ಲಿ ಎಣ್ಣೆ ತೇಲಿದರೂ ನಗೋರನ್ನ ನಾನು ತೊಟ್ಟಿಲಿನ ಚಿತ್ರದಲ್ಲಿ ಬರೆದಿದ್ದೆನಲ್ಲ" ಎನ್ನುತ್ತಿದ್ದರು.

ಒಂದು ಭಾನುವಾರ ಏರಿಯ ಮೇಲೆ ಲಾರಿ ನಿಂತಿತು. ಜವರಪ್ಪ ಇಳಿದ. ಕೈ ಕಟ್ಟಿಕೊಂಡು ಬಹಳ ಹೊತ್ತು ನೋಡಿದ. ನೀರಿಗೆ ಬಿಟ್ಟ ದೇವರನ್ನು ಮತ್ತೆ ಎತ್ತಬಾರದು ಎಂದು ಅಲ್ಲಿಂದಲೇ ಕೂಗಿ ಹೇಳಿದ. ವೇದಮ್ಮನವರು ಬಗ್ಗಿದ ಸೊಂಟ ಎತ್ತಲಿಲ್ಲ.

"ದೇವರನ್ನಲ್ಲ ಕಣೋ ಎತ್ತುತ್ತಿರೋದು, ಎಣ್ಣೆಯನ್ನ. ನಾನು ಹಾಕಿದ್ದು."

ಆ ಜಿಡ್ಡಿನ ಪೊರೆ ನೋಡಿದ, ತನ್ನ ಲಾರಿ ನೋಡಿದ. ಆಮೇಲೆ ಲುಂಗಿ ಎತ್ತಿ ಕಟ್ಟಿ ಏರಿ ಇಳಿದು ಬಂದು ಕೆಸರಿಗೆ ಕಾಲಿಟ್ಟ.

"ಆ ಆಯಿಲು ನನ್ ಗಾಡೀದು ಕಣ್ ತಾಯಿ," ಎಂದ.

ವೇದಮ್ಮನವರು ಆಗ ತಲೆ ಎತ್ತಿದರು. ಆ ಗೋಡೆಯಿಂದ ಅವರು ಬಯಸಿದ್ದು ಅದೊಂದು ಮಾತನ್ನೇ ಇರಬೇಕು. ಅವರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಗೋಣಿಚೀಲದ ಒಂದು ತುದಿಯನ್ನು ಅವನ ಕಡೆಗೆ ಎಸೆದರು.

ಎತ್ತಿದ ತುಂಡುಗಳನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ ಬಂತು. ಎಲ್ಲಾದರೂ ಆಚೆ ಎಸೆಯಿರಿ ಎಂದೆ. ಆಚೆ ಅನ್ನೋ ಜಾಗ ಎಲ್ಲಿದೆ ತೋರಿಸಿ ಮೇಷ್ಟ್ರೇ ಎಂದು ನನ್ನನ್ನೇ ಗದರಿಸಿದರು. ಅವನ್ನೆಲ್ಲ ದೇವಸ್ಥಾನದ ಬೀದಿಯ ತಮ್ಮ ಮನೆಗೆ ತಂದು ನಡುಮನೆಯ ಗೋಡೆಗೆ ಸಿಮೆಂಟಿನಲ್ಲಿ ಮೆತ್ತಿದರು. ಸಿಕ್ಕಿದ್ದು ಸಿಕ್ಕ ಹಾಗೆ. ಕೆಚ್ಚಲಿರಬೇಕಾದ ಕಡೆ ಕಣ್ಣು, ಕಣ್ಣಿನ ಕಡೆ ಚಕ್ರ, ಮೀನಿನ ಬಾಯಲ್ಲಿ ಕಿರೀಟದ ಚೂರು. ಮೂಗು ಸಿಗಲೇ ಇಲ್ಲ. ನಿವೃತ್ತಿಯ ಮೇಲೆ ಅದರ ಎದುರಿಗೇ ಒಂದು ಮಂಚ ಹಾಕಿಕೊಂಡು ಇದ್ದರು. ಅವರು ಬರೆದದ್ದರಲ್ಲೆಲ್ಲ ಅದೇ ದೊಡ್ಡ ಚಿತ್ರ ಎಂದು ನನ್ನ ಎಣಿಕೆ. ಪಕ್ಕದ ಮನೆಯಲ್ಲಿದ್ದ ಅಣ್ಣನ ಮಗ ಮಾತ್ರ ಅದನ್ನು ನೋಡಿದಾಗಲೆಲ್ಲ ಮುಖ ತಿರುಗಿಸುತ್ತಿದ್ದ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಮಂಚದ ಮೇಲೆ. ತಂದೆಗೆ ಇದ್ದಂಥದೇ ಕೆಮ್ಮು. ಜವರಪ್ಪನೂ ಬಂದಿದ್ದ, ಎಳನೀರು ತಂದಿದ್ದ. ಹೈವೇ ಅಗಲ ಮಾಡಲು ಸಾಲುಮರಗಳನ್ನು ಕಡಿಯುತ್ತಿರುವುದನ್ನು ಅವನು ಹೇಳಿದ. ಅವರು ಎದ್ದು ಕೂರಲು ನೋಡಿದರು, ಆಗಲಿಲ್ಲ. ಮಲಗಿದಲ್ಲಿಂದಲೇ ಕಡಿದವರನ್ನು, ಕಡಿಸಿದವರನ್ನು, ನೋಡಿಕೊಂಡು ಸುಮ್ಮನಿದ್ದ ನಮ್ಮಿಬ್ಬರನ್ನು ಒಂದೇ ಸಮನೆ ಬೈದರು. ಬೈದು ಸುಸ್ತಾದ ಮೇಲೆ ನಮ್ಮನ್ನು ಹತ್ತಿರ ಕರೆದರು.

"ನಾನು ಸತ್ತ ಮೇಲೆ ನನ್ನ ಮೇಲೆ ಒಂದು ತೊಟ್ಟು ಸೀಮೆಎಣ್ಣೆ ಸುರಿಯಕೂಡದು. ಸುರಿದರೋ, ಎದ್ದು ಬಂದು ಬೈತೀನಿ."

ಅವರು ತೀರಿಕೊಂಡದ್ದು ಮಳೆಗಾಲದಲ್ಲಿ. ಹೊಳೆಯ ದಡದ ಸ್ಮಶಾನದಲ್ಲಿ ಸೌದೆಯೆಲ್ಲ ನೆನೆದಿತ್ತು. ಅಣ್ಣನ ಮಗ ಕೊಳ್ಳಿ ಇಟ್ಟರೆ ಬರೀ ಹೊಗೆ ಬಂತು. ಯಾರೋ ಒಂದು ಕ್ಯಾನು ಸೀಮೆಎಣ್ಣೆ ತಂದರು. ಇಲ್ಲಿ ಎಲ್ಲರಿಗೂ ಹಾಕುವುದೇ, ಅವರ ಹಟ ಅವರ ಜೊತೆ ಹೋಯಿತು ಎಂದು ಒಬ್ಬರು ಹೇಳಿದರು. ನನಗೆ ಎಲ್ಲಿತ್ತೋ ಕೋಪ. ಕ್ಯಾನು ಕಸಿದುಕೊಂಡು ಅದರ ಮೇಲೆಯೇ ಕೂತುಬಿಟ್ಟೆ. ವಯಸ್ಸಾದ ಮೇಷ್ಟ್ರನ್ನು ಎಬ್ಬಿಸಲು ಯಾರಿಗೂ ಕೈ ಬರಲಿಲ್ಲ. ಬಾಗೂರಿಗೆ ಬೆಳಿಗ್ಗೆಯೇ ಫೋನು ಮಾಡಿದ್ದೆ.

ಮಧ್ಯಾಹ್ನ ಜವರಪ್ಪ ಬಂದ. ಮಳೆಯಲ್ಲಿ ದಾರಿಯ ತಿರುವಿನಿಂದ ನಡೆದುಕೊಂಡು, ತಲೆಯ ಮೇಲೆ ಒಂದು ದೊಡ್ಡ ಮೂಟೆ, ಮೇಲೆ ಟಾರ್ಪಾಲು. ಮೂಟೆ ತುಂಬ ಒಣಗಿದ ತೆಂಗಿನ ಚಿಪ್ಪು. ಇಳಿಸಿ ಮತ್ತೆ ಹೋದ, ಇನ್ನೊಂದು ತಂದ. ಹಾಗೆಯೇ ಮತ್ತೊಂದು. ಲಾರಿ ದೂರದ ರಸ್ತೆಯಲ್ಲಿ ನಿಂತಿತ್ತು. ಗಾಡಿ ಸ್ಮಶಾನದ ಬಾಗಿಲಿನ ತನಕ ಬರುತ್ತಿತ್ತಲ್ಲ ಜವರಪ್ಪ, ಯಾಕೆ ಹೊತ್ತೆ ಎಂದು ಕೇಳಿದೆ.

"ಬತ್ತಿತ್ತು ಸಾ," ಎಂದು ಅವನು ಮುಖ ಒರೆಸಿಕೊಂಡ. "ಎಂಜಿನ್ ಸದ್ದು ಕೇಳಿ ಎದ್ ಬುಟ್ರೆ?"

ಚಿಪ್ಪಿಗೆ ಬೆಂಕಿ ಬೇಗ ಹತ್ತಿತು. ಕ್ಯಾನು ತಂದವರು ಅದನ್ನು ತುಂಬಿದ್ದ ಹಾಗೆಯೇ ವಾಪಸು ತೆಗೆದುಕೊಂಡು ಹೋದರು.